ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲೇಜಿನ ಮೆಟ್ಟಿಲು ಹತ್ತದ ಆಗ್ನೆಸ್ ಕ್ಲಾರ್ಕ್

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಸೂರ್ಯನ ಬಗ್ಗೆ ಬರೆಯುವಾಗ ಆಗ್ನೆಸ್ ಕ್ಲಾರ್ಕ್ ಹೆಸರು ಹೇಳಿ, ‘ತಾನೇ ಓದಿ ಕಲಿತ ಲೇಖಕಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಯಾರಿವರು? ಕಲಿತದ್ದು ಹೇಗೆ?

ಉತ್ತರ: ತಪ್ಪು ನಮ್ಮದೇ. ಒಂದು ಸಾಲಿಗೆ ಮುಗಿಯುವ ಬದುಕಲ್ಲ ಅದು.

ಖಗೋಳ ವಿಜ್ಞಾನದ ಬಗ್ಗೆ ಬರೆದು ಹೆಸರಾದ ಆಗ್ನೆಸ್ ಮೇರಿ ಕ್ಲಾರ್ಕ್ ಹುಟ್ಟಿದ್ದು 1842ರಲ್ಲಿ, ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಸ್ಕಿಬರೀನ್ ಎಂಬ ಪುಟ್ಟ ಊರಿನಲ್ಲಿ. ಆಲೂಗಡ್ಡೆ ಬೆಳೆ ಕೊಳೆತು ಬಂದ ಆ ದೊಡ್ಡ ಬರಗಾಲದಲ್ಲಿ ಅತಿ ಹೆಚ್ಚು ನರಳಿದ ಊರುಗಳಲ್ಲಿ ಇದೂ ಒಂದು. ಆಗ ಆಕೆ ಇನ್ನೂ ಚಿಕ್ಕ ಮಗು. ಅಪ್ಪ ಬ್ಯಾಂಕ್ ಮ್ಯಾನೇಜರ್ ಆಗಿದ್ದರಿಂದ ಮನೆಯಲ್ಲಿ ಊಟಕ್ಕೆ ತೊಂದರೆ ಇರಲಿಲ್ಲ. ಅಪ್ಪನಿಗೆ ಆಕಾಶದ ಹುಚ್ಚು. 4 ಇಂಚಿನ ಒಂದು ದೂರದರ್ಶಕ ಇಟ್ಟುಕೊಂಡಿದ್ದರು, ನಕ್ಷತ್ರಗಳನ್ನು ನೋಡಿ ಗಡಿಯಾರ ಹೊಂದಿಸಿ ಊರಿಗೆಲ್ಲ ಸರಿಯಾದ ಟೈಮ್ ಹೇಳುತ್ತಿದ್ದರು. ಮಗಳು ಶನಿಯ ಬಳೆ, ಗುರುವಿನ ಚಂದ್ರರನ್ನು ನೋಡಿದ್ದು ಅದರಲ್ಲೇ. 11 ವರ್ಷದ ಹೊತ್ತಿಗೆ ಜಾನ್ ಹರ್ಷೆಲ್ ದೊಡ್ಡವರಿಗೆ ಬರೆದ ಖಗೋಳ ಗ್ರಂಥವನ್ನು ಓದಿ ಮುಗಿಸಿದ್ದಳು. 15ಕ್ಕೆ ಖಗೋಳ ವಿಜ್ಞಾನದ ಇತಿಹಾಸ ಬರೆಯಲು ಕೂತಳು!

ಪಾಠವೆಲ್ಲ ಮನೆಯಲ್ಲೇ. ತಮ್ಮ ಆಬ್ರಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಹೋಗಿ ಗಣಿತ, ಭೌತವಿಜ್ಞಾನ ಓದಿದ. ಅಕ್ಕಂದಿರಿಬ್ಬರಿಗೆ, ಅಂದರೆ ಆಗ್ನೆಸ್ ಮತ್ತು ಎಲ್ಲೆನ್‌ಗೆ, ಆ ಬಾಗಿಲು ತೆರೆದಿರಲಿಲ್ಲ. ಟ್ರಿನಿಟಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು 1904ರಲ್ಲಿ, ಆಗ ಆಗ್ನೆಸ್‌ಗೆ 62 ವರ್ಷ. 1867ರಿಂದ ಹತ್ತು ವರ್ಷ ಕುಟುಂಬ ಇಟಲಿಯಲ್ಲಿತ್ತು. ಆಕೆಯ ಕಾಲೇಜು ಅಂದರೆ ಅದೇ ಅನ್ನಬೇಕು. ಫ್ಲಾರೆನ್ಸಿನ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಕೂತು ಹಳೆಯ ಪುಸ್ತಕಗಳನ್ನು ಮೂಲ ಭಾಷೆಯಲ್ಲೇ ಓದಿದರು.

1877ರಲ್ಲಿ ಮನೆಯವರೆಲ್ಲ ಲಂಡನ್ನಿಗೆ ಬಂದರು. ಅದೇ ವರ್ಷ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯಲ್ಲಿ ಆಕೆಯ ಎರಡು ಲೇಖನ ಬಂದವು. ಒಂದು ಇಟಲಿಯಲ್ಲಿದ್ದಾಗಿನ ಕೊಪರ್ನಿಕಸ್ ಬಗ್ಗೆ, ಸರಿ. ಇನ್ನೊಂದು ಯಾವುದರ ಬಗ್ಗೆ ಗೊತ್ತಾ? ಸಿಸಿಲಿಯ ದರೋಡೆಕೋರರ ಬಗ್ಗೆ! ಆಗ ವಯಸ್ಸು 35. ಆ ಪತ್ರಿಕೆ ಲೇಖಕರ ಹೆಸರು ಹಾಕುತ್ತಿರಲಿಲ್ಲ, ಹಾಗಾಗಿ ಇದನ್ನು ಬರೆದದ್ದು ಒಬ್ಬ ಹೆಂಗಸು ಅಂತ ಓದುವವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಪ್ರಶ್ನೆ: ಎಲ್ಲಾ ಸರಿ, ಆದರೆ ಇವರು ಒಂದು ಗ್ರಹವನ್ನೋ ಧೂಮಕೇತುವನ್ನೋ ಕಂಡುಹಿಡಿದವರಲ್ಲ. ಬೇರೆಯವರು ಕಂಡದ್ದನ್ನು ಸುಮ್ನೆ ಬರೆದರು, ಅಷ್ಟೇ ಅಲ್ವಾ?

ಉತ್ತರ: ಆ ‘ಅಷ್ಟೇ’ ಬಗ್ಗೆ ನಮಗೆ ಸ್ವಲ್ಪ ತಕರಾರಿದೆ.

ಆಗಿನ ಪರಿಸ್ಥಿತಿ ನೋಡಿ. 1859ರಲ್ಲಿ ಜರ್ಮನಿಯಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಒಂದು ವಿಷಯ ತೋರಿಸಿಕೊಟ್ಟರು. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣದ ಪಟ್ಟಿಯಾಗಿ ಬಿಡಿಸಿದರೆ ಅದರಲ್ಲಿ ಗೆರೆಗಳು ಕಾಣುತ್ತವೆ, ಒಂದೊಂದು ಮೂಲವಸ್ತುವಿಗೂ ತನ್ನದೇ ಗೆರೆಗಳು, ಬೆರಳಚ್ಚಿನ ಹಾಗೆ. ಅಲ್ಲಿಯವರೆಗೆ ಖಗೋಳ ವಿಜ್ಞಾನ ಅಂದರೆ ನಕ್ಷತ್ರ ಎಲ್ಲಿದೆ, ಹೇಗೆ ಚಲಿಸುತ್ತದೆ ಅನ್ನುವ ಲೆಕ್ಕ. ಈಗ ಅದು ಯಾವುದರಿಂದ ಆಗಿದೆ ಅಂತಲೂ ಕೇಳಬಹುದಾಯಿತು. ಇದರ ಜೊತೆಗೆ ಫೋಟೋಗ್ರಫಿಯೂ ಬಂತು. ಆದರೆ ಕೆಲಸ ಮಾಡುವವರು ಜರ್ಮನಿಯಲ್ಲಿ, ಇಟಲಿಯಲ್ಲಿ, ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಚದುರಿಹೋಗಿದ್ದರು, ಒಬ್ಬ ಬರೆದದ್ದು ಇನ್ನೊಬ್ಬನ ಕೈಗೆ ಸಿಗದೆ, ಸಿಕ್ಕರೂ ಭಾಷೆ ಬಾರದೆ, ಎಷ್ಟೋ ವಿಷಯ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಇದನ್ನೆಲ್ಲ ಹೆಕ್ಕಿ, ಹೋಲಿಸಿ, ಯಾವುದು ಗಟ್ಟಿ ಯಾವುದು ಜೊಳ್ಳು ಅಂತ ತೂಗಿ ಆಕೆ 1885ರಲ್ಲಿ ಒಂದು ಪುಸ್ತಕ ತಂದರು. 19ನೇ ಶತಮಾನದ ಖಗೋಳ ವಿಜ್ಞಾನದ ಜನಪ್ರಿಯ ಇತಿಹಾಸ ಅದು. ದೊಡ್ಡ ದೊಡ್ಡ ವೀಕ್ಷಣಾಲಯಗಳ ಮುಖ್ಯಸ್ಥರೇ ಆಮೇಲೆ ಪತ್ರ ಬರೆಯತೊಡಗಿದರು.

1902ರ ಹೊತ್ತಿಗೆ ಅದು ನಾಲ್ಕನೇ ಆವೃತ್ತಿಗೆ ಬಂತು. ಹಳೆಯದನ್ನೇ ಮತ್ತೆ ಅಚ್ಚು ಹಾಕಿದರೆ ನಡೆಯುವ ಕಾಲವಲ್ಲ ಅದು. ಹೀಲಿಯಂ ತಗೊಳ್ಳಿ. ಮೊದಲ ಆವೃತ್ತಿ ಬಂದಾಗ ಅದು ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆ ಮಾತ್ರ. ನಾಲ್ಕನೆಯದರ ಹೊತ್ತಿಗೆ ರಸಾಯನ ವಿಜ್ಞಾನಿ ರಾಮ್ಸೆ ಅದನ್ನು ಭೂಮಿಯ ಮೇಲೇ ಹಿಡಿದಾಗಿತ್ತು, 1895ರಲ್ಲಿ.

ಬರೀ ಪುಸ್ತಕದ ಹುಳು ಅಂತಲೂ ಅಂದುಕೊಳ್ಳಬೇಡಿ. 1888ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯಕ್ಕೆ ಹೋಗಿ, ಅದರ ಮುಖ್ಯಸ್ಥ ಡೇವಿಡ್ ಗಿಲ್ ದಂಪತಿಯ ಅತಿಥಿಯಾಗಿದ್ದು, ದಕ್ಷಿಣದ ನಕ್ಷತ್ರಗಳನ್ನು ಕಣ್ಣಾರೆ ನೋಡಿ ಬಂದರು. 1903ರಲ್ಲಿ ಬ್ರಿಟನ್ನಿನ ಖಗೋಳ ವಿಜ್ಞಾನಿಗಳ ಸಂಘವಾದ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಆಕೆಯನ್ನು ಇನ್ನೊಬ್ಬ ಖಗೋಳ ವಿಜ್ಞಾನಿ ಮಾರ್ಗರೆಟ್ ಹಗ್ಗಿನ್ಸ್ ಜೊತೆಗೆ ಗೌರವ ಸದಸ್ಯೆ ಮಾಡಿತು. ‘ಗೌರವ’ ಯಾಕೆ ಅಂದರೆ, ಮಾಮೂಲಿ ಸದಸ್ಯತ್ವ ಹೆಂಗಸರಿಗೆ ಸಿಕ್ಕಿದ್ದು 1916ರಲ್ಲಿ.

ಪ್ರಶ್ನೆ: ಅವರು ಒಂದು ದೊಡ್ಡ ತಪ್ಪನ್ನೂ ಬರೆದಿದ್ದರಂತೆ, ನಿಜವೇ?

ಉತ್ತರ: ನಿಜ. ಅದೂ ಜೋರಾಗಿಯೇ. 1890ರ ಪುಸ್ತಕದಲ್ಲಿ, ಆಕಾಶದಲ್ಲಿ ಮಸುಕು ಮೋಡದ ಹಾಗೆ ಕಾಣುವ ನೀಹಾರಿಕೆಗಳು ನಮ್ಮ ಕ್ಷೀರಪಥದಂಥದ್ದೇ ಬೇರೆ ನಕ್ಷತ್ರ ಲೋಕಗಳು ಅಂತ ವಿಷಯ ಬಲ್ಲ ಯಾರೂ ಇನ್ನು ವಾದಿಸಲಾರರು ಎಂಬರ್ಥದ ಮಾತು ಬರೆದರು. ಇವತ್ತಿಗೂ ಆಕೆಯ ಹೆಸರು ಬಂದರೆ ಕೆಲವರು ಎತ್ತುವುದು ಇದೊಂದನ್ನೇ.

ಆದರೆ ಆ ದಿನ ಕೈಯಲ್ಲಿದ್ದ ಪುರಾವೆ ನೋಡಿ. ಮಾರ್ಗರೆಟ್ ಅವರ ಗಂಡ ವಿಲಿಯಂ ಹಗ್ಗಿನ್ಸ್ 1864ರಲ್ಲೇ ಒಂದು ನೀಹಾರಿಕೆಯ ಬೆಳಕು ಬಿಡಿಸಿ ಅದು ಬರೀ ಅನಿಲ ಅಂತ ತೋರಿಸಿದ್ದರು. 1885ರಲ್ಲಿ ದೇವಯಾನಿ (ಆಂಡ್ರೊಮಿಡಾ) ನೀಹಾರಿಕೆಯಲ್ಲಿ ಹೊಸ ನಕ್ಷತ್ರವೊಂದು ದಿಢೀರನೆ ಹೊಳೆಯಿತು. ಆ ನೀಹಾರಿಕೆ ನಿಜಕ್ಕೂ ಅಷ್ಟು ದೂರದ ಲೋಕವಾಗಿದ್ದರೆ ಅಲ್ಲಿನ ಒಂದೇ ನಕ್ಷತ್ರ ಕೋಟಿಗಟ್ಟಲೆ ಸೂರ್ಯರಷ್ಟು ಉರಿಯಬೇಕು, ಅದೆಲ್ಲಿ ಸಾಧ್ಯ ಅಂತ ಆಗಿನವರಿಗೆ ಅನ್ನಿಸಿತು. ಇಡೀ ನಕ್ಷತ್ರವೇ ಸಿಡಿಯುವುದಕ್ಕೆ ಈಗ ನಾವು ಹೇಳುವ ಸೂಪರ್‌ನೋವಾ ಅನ್ನೋ ಪದವೇ ಆಗ ಹುಟ್ಟಿರಲಿಲ್ಲ! ಅದು ನಿಜವಾಗಿಯೂ ಅಷ್ಟು ಉರಿದಿತ್ತು. 1923ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ಅದೇ ದೇವಯಾನಿಯಲ್ಲಿ ದೂರ ಅಳೆಯಲು ಬರುವಂಥ ಒಂದು ನಕ್ಷತ್ರ ಹಿಡಿದ ಮೇಲೆ, ಅದು ಬೇರೆಯೇ ನಕ್ಷತ್ರ ಲೋಕ ಅನ್ನುವ ಕಡೆಗೆ ವಾದ ತಿರುಗಿತು. ನಮ್ಮನ್ನು ಕೇಳಿದರೆ, ಆಕೆ ಪುರಾವೆಯನ್ನು ಓದಿದ್ದು ಸರಿಯಾಗಿಯೇ, ‘ಯಾರೂ ವಾದಿಸಲಾರರು’ ಅಂದದ್ದು ಮಾತ್ರ ಜಾಸ್ತಿಯಾಯಿತು.

ಪ್ರಶ್ನೆ: ಅವರ ನೆನಪಿಗೆ ಏನಾದರೂ ಇದೆಯೇ?

ಉತ್ತರ: ಇದೆ, ಚಂದ್ರನ ಮೇಲೆ. ಸೆರೆನಿಟಿ ಸಾಗರ ಅನ್ನುವ ಕಪ್ಪು ಬಯಲಿನ ಪೂರ್ವ ಅಂಚಿನಲ್ಲಿ, 1972ರಲ್ಲಿ ಅಪೊಲೊ 17 ಇಳಿದ ಜಾಗಕ್ಕೆ ಹತ್ತಿರದಲ್ಲಿ, ಕ್ಲಾರ್ಕ್ ಹೆಸರಿನ ಒಂದು ಪುಟ್ಟ ಕುಳಿ. ಬರಿಗಣ್ಣಿಗೆ ಕಾಣಲ್ಲ. ಅಪ್ಪನ ಬಳಿ ಇದ್ದಂಥ 4 ಇಂಚಿನ ದೂರದರ್ಶಕ ಸಿಕ್ಕಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ನೋಡಿದರೆ ಒಂದು ಚುಕ್ಕೆಯಾಗಿ ಕಂಡೀತು.