ಅಕ್ಕನ ಮಗಳು: ಎರಡು ಸೀಮೆಗಳ ನಡುವೆ ಸಿಲುಕಿದ ಒಂದು ಮಾತು

ಬೇರೆ ಬೇರೆ ಸೀಮೆಗಳಿಂದ ಬೆಂಗಳೂರಿಗೆ ಬಂದು, ಮೆಚ್ಚಿ ಮದುವೆಯಾದ ಕನ್ನಡಿಗ ದಂಪತಿಗಳು ಆಪ್ತಸಲಹೆಗಾಗಿ ನನ್ನಲ್ಲಿಗೆ ಬರುವುದು ಹೆಚ್ಚುತ್ತಿದೆ. ಧರ್ಮವೋ ಭಾಷೆಯೋ ಬೇರೆಯಾಗಿದ್ದವರು ಮದುವೆಗೆ ಮುಂಚೆಯೇ ಎಷ್ಟೋ ವಿಷಯಗಳನ್ನು ಮಾತನಾಡಿಕೊಂಡಿರುತ್ತಾರೆ. ಇಬ್ಬರೂ ಒಂದೇ ರಾಜ್ಯದವರು ಎಂಬ ಧೈರ್ಯದಲ್ಲಿದ್ದವರು ಏನನ್ನೂ ಕೇಳಿಕೊಂಡಿರುವುದಿಲ್ಲ. ಇಲ್ಲಿ ಹೇಳುವ ಪ್ರಕರಣವನ್ನು ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಸೀಮೆಗಳನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಪ್ರಕರಣದ ಜೀವಾಳವೇ ಅದು.

ಪತ್ನಿ ಉಡುಪಿ ಕಡೆಯ, ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಕುಲವನ್ನು ಎಣಿಸುವ, ತುಳು ಮನೆತನದವರು. ಪತಿ ವಿಜಯಪುರ ಜಿಲ್ಲೆಯ ಒಕ್ಕಲು ಕುಟುಂಬದವರು. ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಪತಿಯ ಊರಿನಲ್ಲಿ ನಡೆದಾಗ, ಪತ್ನಿಯ ತಮ್ಮ ಮಗುವನ್ನು ಎತ್ತಿಕೊಂಡದ್ದನ್ನು ಕಂಡ ಅತ್ತೆ, “ಏ ಮಾವ, ನಿನ್ನ ಹೇಂತಿ ಬಂದಾಳ ನೋಡು, ಬರಿಗೈಲೇ ಎತ್ಕೋಬ್ಯಾಡ, ಬಂಗಾರ ಹಾಕು” ಎಂದರು. ನೆರೆದವರೆಲ್ಲ ನಕ್ಕರು. ಆ ಹುಡುಗ ಮಗುವನ್ನು ಅಕ್ಕನ ಕೈಗೆ ಕೊಟ್ಟು, ಊಟವನ್ನೂ ಮಾಡದೆ ಹೊರಟುಹೋದ. ಅಂದಿನಿಂದ ಪತ್ನಿ ಅತ್ತೆಯೊಂದಿಗೆ ಮಾತು ಬಿಟ್ಟರು. ಪತಿ ಭಾವಮೈದುನನ ಹೆಸರೆತ್ತುವುದನ್ನು ಬಿಟ್ಟರು. ನನ್ನಲ್ಲಿಗೆ ಬರುವ ಹೊತ್ತಿಗೆ ವಿಚ್ಛೇದನದ ಮಾತೂ ಆಗಿತ್ತು.

ಮೊದಲ ಭೇಟಿಗಳಲ್ಲಿ ಇಬ್ಬರೂ ಸ್ವಾಭಿಮಾನ, ಅವಮಾನ, ಸೊಕ್ಕು ಎಂಬ ಶಬ್ದಗಳಲ್ಲೇ ಸುತ್ತುತ್ತಿದ್ದರು. ತಿರುವು ಬಂದದ್ದು, ಆ ಮಾತು ಕೇಳಿದಾಗ ಮನಸ್ಸಿಗೆ ಏನನ್ನಿಸಿತು ಎಂದು ನಾನು ಪತ್ನಿಯನ್ನು ನೇರವಾಗಿ ಕೇಳಿದ ದಿನ. “ಹೇಸಿಗೆ ಅನ್ನಿಸಿತು ಮೇಡಂ. ಮಗುವಿನ ಬಗ್ಗೆ ಅಂಥ ಮಾತು ಆಡುವುದುಂಟಾ?” ಎಂದರು. ಪತಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪತ್ನಿಯ ಕಡೆ ನೋಡದೆ, ನನ್ನನ್ನು ಉದ್ದೇಶಿಸಿ ಹೇಳಿದರು: “ನಮ್ಮವ್ವ ನಮ್ಮಪ್ಪನ ಅಕ್ಕನ ಮಗಳ್ರೀ. ಹಂಗಾದ್ರ ನಾ ಹುಟ್ಟಿದ್ದೂ ಹೇಸಿಗಿನ ಏನ್ರಿ?”

ಅತ್ತೆ ಮಾವ ಸಂಬಂಧದಲ್ಲೇ ಮದುವೆಯಾದವರು ಎಂಬುದಷ್ಟೇ ಪತ್ನಿಗೆ ತಿಳಿದಿತ್ತು. ಯಾವ ಸಂಬಂಧ ಎಂದು ಅವರು ಕೇಳಿರಲಿಲ್ಲ, ಪತಿಯೂ ಹೇಳಿರಲಿಲ್ಲ. ಪತ್ನಿ ಅಳಲು ತೊಡಗಿದರು. ಆದರೆ ತಮ್ಮ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಮತ್ತು ಹಾಗೆ ತೆಗೆದುಕೊಳ್ಳಬೇಕೆಂದು ನಾನೂ ಒತ್ತಾಯಿಸಲಿಲ್ಲ. ನಿಮ್ಮ ಮನೆಯಲ್ಲಿ ಈ ಮಗು ನಿಮ್ಮ ತಮ್ಮನಿಗೆ ಏನಾಗಬೇಕು ಎಂಬುದನ್ನು ಗಂಡನಿಗೆ ವಿವರಿಸಿ ಎಂದೆ. “ನಾನು, ನನ್ನ ತಮ್ಮ, ಮಗು, ಮೂವರದ್ದೂ ಒಂದೇ ಬಳಿ, ಅಂದರೆ ತಾಯಿಯಿಂದ ಬರುವ ಒಂದೇ ಕುಲ. ತರವಾಡು ಮನೆಗೆ, ನಮ್ಮ ಕುಟುಂಬದ ಮೂಲಮನೆಗೆ, ದೈವಗಳ ತಂಬಿಲ ಸೇವೆಗೆ ಹೋದರೆ ನನ್ನ ಮಗಳು ಆ ಮನೆಯವಳು, ಅವನ ಮಕ್ಕಳು ಅಲ್ಲ. ಅವಳಿಗೆ ಅವನು ಅಪ್ಪನ ಹಾಗೆ” ಎಂದರು. ತನ್ನ ಮೊಮ್ಮಗಳನ್ನು ಪ್ರೀತಿಯಿಂದ ಕರೆದ ತಾಯಿಯ ಮಾತು ಆ ಹುಡುಗನ ಕಿವಿಗೆ ಹೇಗೆ ಕೇಳಿಸಿರಬೇಕು ಎಂಬುದು ಪತಿಗೆ ಹೊಳೆದದ್ದು ಆಗ.

ಇಲ್ಲಿ ಯಾರ ಸಂಸ್ಕಾರವೂ ಕಡಿಮೆಯದಲ್ಲ. ತಂದೆಯ ಕಡೆಯಿಂದ ಕುಲವನ್ನು ಎಣಿಸುವ ಸೀಮೆಯಲ್ಲಿ ಅಕ್ಕನ ಮಗಳು ಬೇರೆ ಮನೆಯ ಹುಡುಗಿ. ಕೊಟ್ಟ ಹೆಣ್ಣಿನ ಮಗಳನ್ನು ತವರಿಗೆ ಮರಳಿ ತಂದುಕೊಂಡರೆ ಅಜ್ಜಿಯೇ ಅತ್ತೆಯಾಗುತ್ತಾಳೆ, ಹುಡುಗಿಗೆ ಪರರ ಮನೆಯ ಅಂಜಿಕೆ ಇರುವುದಿಲ್ಲ ಎಂಬುದು ಅಲ್ಲಿಯ ಹಿರಿಯರ ಎಣಿಕೆ. ತಾಯಿಯ ಕಡೆಯಿಂದ ಎಣಿಸುವ ತುಳುನಾಡಿನ ಮನೆಗಳಲ್ಲಿ ಅದೇ ಹುಡುಗಿ ಸ್ವಂತ ಬಳಿಯವಳು, ಮದುವೆಯ ಮಾತಿಗೇ ನಿಷಿದ್ಧಳು. ಅದೇ ಮನೆಗಳಲ್ಲಿ ಸೋದರಮಾವನ ಮಗಳನ್ನು ತಂದುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಏಕೆಂದರೆ ಅವಳು ತನ್ನ ತಾಯಿಯ ಬಳಿಗೆ ಸೇರಿದವಳು. ಉತ್ತರ ಭಾರತದ ಅನೇಕ ಸಮುದಾಯಗಳಿಗೆ ಇವೆರಡೂ ಸಲ್ಲದ ಸಂಬಂಧಗಳೇ. 1955ರ ಹಿಂದೂ ವಿವಾಹ ಕಾಯ್ದೆಯು ಮಾವ–ಸೊಸೆಯರ, ಅಂದರೆ ತಾಯಿಯ ತಮ್ಮ ಮತ್ತು ಅಕ್ಕನ ಮಗಳ, ಮದುವೆಯನ್ನು ನಿಷಿದ್ಧ ಸಂಬಂಧಗಳ ಸಾಲಿಗೆ ಸೇರಿಸಿದರೂ ರೂಢಿಯಲ್ಲಿದ್ದ ಕಡೆ ವಿನಾಯಿತಿ ಕೊಟ್ಟಿದೆ. ಇಬ್ಬರೂ ಒಂದೇ ರಾಜ್ಯದವರು ಎನ್ನುತ್ತೇವೆ, ಆದರೆ 1956ರ ನವೆಂಬರ್ 1ರವರೆಗೆ ಉಡುಪಿ ಮದ್ರಾಸ್ ರಾಜ್ಯದಲ್ಲಿಯೂ ವಿಜಯಪುರ ಮುಂಬಯಿ ರಾಜ್ಯದಲ್ಲಿಯೂ ಇದ್ದವು. ಅದೇ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಸಂತಾನದ, ಅಂದರೆ ಅಳಿಯಕಟ್ಟಿನ, ಆಸ್ತಿ ಕ್ರಮವನ್ನು ಬದಲಿಸಿತು, ಆದರೆ ಯಾರು ತನ್ನವರು, ಯಾರು ಮದುವೆಗೆ ಸಲ್ಲುವವರು ಎಂಬ ಒಳಗಿನ ಎಣಿಕೆಯನ್ನು ಕಾಯ್ದೆಗಳು ಮುಟ್ಟಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ತಾಯಿಗೆ ಮಗನೇ, ಊರಿಗೆ ಹೋಗಿ, ತನ್ನ ಮಾತಿನಲ್ಲಿ ಈ ವಿಷಯವನ್ನು ಹೇಳಬೇಕು. ಸೊಸೆಯಾಗಲಿ ನಾನಾಗಲಿ ಹೇಳಬಾರದು. ತಮ್ಮನಿಗೆ ಅಕ್ಕ ಹೇಳಬೇಕು. ಯಾರೂ ಯಾರಿಂದಲೂ ಕ್ಷಮೆ ಕೇಳಿಸಬಾರದು. ಮಗುವಿನ ಮುಂದೆ ಆ ತಮಾಷೆ ಇನ್ನು ಬೇಡ, ಹೇಸಿಗೆ ಎಂಬ ಶಬ್ದವೂ ಬೇಡ.

ಕ್ಷಮೆ ಬೇಡವೆಂದದ್ದಕ್ಕೆ ಸಹೋದ್ಯೋಗಿಗಳು ಆಕ್ಷೇಪಿಸಿದರು; ನೊಂದವರ ನೋವನ್ನು ಸಂಸ್ಕೃತಿಯ ಹೆಸರಿನಲ್ಲಿ ಮುಚ್ಚಿಹಾಕಿದಿರಿ ಎಂದರು. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕ್ಷಮೆ ಕೇಳಿಸಿದ್ದರೆ ಆ ತಾಯಿ ತನ್ನ ಇಡೀ ದಾಂಪತ್ಯವೇ ತಪ್ಪು ಎಂದು ಸೊಸೆಯ ಮುಂದೆ ತಲೆಬಾಗಿದಂತಾಗುತ್ತಿತ್ತು, ಮತ್ತು ಆ ಅವಮಾನವನ್ನು ಮಗ ಜೀವನವಿಡೀ ಹೊರುತ್ತಿದ್ದರು. ಪತ್ನಿಯ ನೋವು ನಿಜ; ಆದರೆ ಅದು ಅತ್ತೆಯ ದುರುದ್ದೇಶದಿಂದ ಹುಟ್ಟಿದ್ದಲ್ಲ. ಹಾಗೆಂದು ರೂಢಿಯೆಂಬ ಕಾರಣಕ್ಕೆ ಎಲ್ಲವನ್ನೂ ಒಪ್ಪುವವಳೂ ನಾನಲ್ಲ. ನಾಳೆ ಯಾರಾದರೂ ನಿಜವಾಗಿಯೇ ಅಕ್ಕನ ಮಗಳ ಮದುವೆಯ ವಿಚಾರದಲ್ಲಿ ಬಂದರೆ, ಹುಡುಗಿಯ ವಯಸ್ಸು ಮತ್ತು ಒಪ್ಪಿಗೆಯನ್ನು ಮೊದಲು ಕೇಳುತ್ತೇನೆ; ಹತ್ತಿರದ ರಕ್ತಸಂಬಂಧದಲ್ಲಿ ಮಕ್ಕಳಿಗೆ ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಆನುವಂಶಿಕ ಸಲಹೆಗೆ ಕಳುಹಿಸುತ್ತೇನೆ.

ಮಗ ಹೇಳಿದಾಗ ತಾಯಿ, “ಮೊದಲ ಹೇಳಬಾರದಾಗಿತ್ತೇನು? ನಾ ಪ್ರೀತಿಲೇ ಅಂದದ್ದು” ಎಂದರಂತೆ. ತಮ್ಮ ಇನ್ನೂ ವಿಜಯಪುರಕ್ಕೆ ಹೋಗಿಲ್ಲ, ಅಕ್ಕನ ಮನೆಗೆ ಮಾತ್ರ ಬಂದು ಹೋಗುತ್ತಾನೆ. ದಂಪತಿಯ ನಡುವೆ ಈಗ ಉಳಿದಿರುವುದು ಇದಕ್ಕಿಂತ ಕಠಿಣ ಪ್ರಶ್ನೆ: ಮಗಳು ತಂದೆಯ ಮನೆಯವಳೋ, ತಾಯಿಯ ಬಳಿಯವಳೋ. ಎರಡೂ ಮನೆಗಳ ಕಾರ್ಯಗಳಿಗೆ ಆಕೆಯನ್ನು ಕರೆದೊಯ್ಯಿರಿ, ಒಂದು ಮನೆಯವರ ಎದುರು ಇನ್ನೊಂದನ್ನು ಸುಳ್ಳು ಮಾಡಬೇಡಿ ಎಂದಷ್ಟೇ ಹೇಳಿದ್ದೇನೆ. ಮುಂದಿನ ಭೇಟಿಗೆ ಅತ್ತೆಯೂ ಬರಲು ಒಪ್ಪಿದ್ದಾರೆ.