ಪುಟ್ಟ ಮಗುವಿನೊಡನೆ ಕ್ರೂಸ್ ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಗನಿಗೆ ಈಗ ಒಂದೂವರೆ ವರ್ಷ. ಬರುವ ಡಿಸೆಂಬರ್‌ನಲ್ಲಿ ನಮ್ಮ ಭಾವ, ನೆಗೆಣ್ಣಿ ಮತ್ತು ಅವರ ಇಬ್ಬರು ಮಕ್ಕಳು ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ ಐದು ರಾತ್ರಿಗಳ ಪ್ರವಾಸಕ್ಕೆ ಹೊರಟಿದ್ದು, ನಮ್ಮನ್ನೂ ಜೊತೆಗೆ ಕರೆಯುತ್ತಿದ್ದಾರೆ. ಈಗಷ್ಟೇ ಓಡಾಡಲು ಕಲಿತ ಕೂಸನ್ನು ನಡುಸಮುದ್ರಕ್ಕೆ ಒಯ್ಯುವುದು ಬೇಡವೆಂದು ಅತ್ತೆಯವರು ಹೇಳುತ್ತಾರೆ. ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೇ ಇರುತ್ತಾರೆ, ಚಿಂತೆಯಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನಾನು ಯಾರ ಮಾತು ಕೇಳಬೇಕು? ಹೋಗುವುದಾದರೆ ಏನೇನು ಸಿದ್ಧತೆ ಬೇಕು?
— ಓದುಗಿ, ಕಲಬುರಗಿ

ಉತ್ತರ: ಮೊದಲು ನಿಮ್ಮ ಯಜಮಾನರ ಮಾತನ್ನು ನೋಡೋಣ. ಹಡಗುಗಳಲ್ಲಿ ಮಕ್ಕಳ ಆಟದ ಕೋಣೆ ಇರುವುದು ನಿಜವಾದರೂ, ಹೆಚ್ಚಿನ ಕಡೆ ಪೋಷಕರಿಲ್ಲದೆ ಬಿಟ್ಟುಹೋಗಲು ಮಗುವಿಗೆ ಮೂರು ವರ್ಷ ತುಂಬಿರಬೇಕು ಮತ್ತು ಅದು ಡೈಪರ್ ಬಿಟ್ಟಿರಬೇಕು. ಈಜುಕೊಳದ ಮಾತೂ ಹಾಗೆಯೇ. ಡೈಪರ್ ಹಾಕಿದ ಮಕ್ಕಳನ್ನು, ಅದು ಈಜಿಗೆಂದೇ ಮಾಡಿದ ಡೈಪರ್ ಆಗಿದ್ದರೂ, ಬಹುತೇಕ ಹಡಗುಗಳು ಕೊಳಕ್ಕೆ ಇಳಿಸಗೊಡುವುದಿಲ್ಲ. ಹಾಗಾಗಿ ನಿಮ್ಮ ಮಗ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಿಮ್ಮಿಬ್ಬರಲ್ಲಿ ಒಬ್ಬರ ಕೈಯಲ್ಲೇ ಇರುತ್ತಾನೆ. ಆ ಒಬ್ಬರು ಯಾವಾಗಲೂ ನೀವೇ ಆಗುವುದಾದರೆ ಈ ಪ್ರವಾಸ ನಿಮಗೆ ಪ್ರವಾಸವೇ ಅಲ್ಲ. ಟಿಕೆಟ್ ಮಾಡಿಸುವ ಮೊದಲೇ ಇಬ್ಬರೂ ಕುಳಿತು, ಯಾವ ಹೊತ್ತು ಯಾರ ಪಾಳಿ ಎಂಬುದನ್ನು ಮಾತಾಡಿಕೊಳ್ಳಿ.

ಅತ್ತೆಯವರ ಹೆದರಿಕೆಗೆ ಕಾರಣವಿದೆ, ಆದರೆ ಅಪಾಯ ಅವರು ನೆನೆಸಿದ ಕಡೆಯಲ್ಲಿಲ್ಲ. ಡೆಕ್ಕಿನ ಅಂಚಿನ ಕಟಾಂಜನ ದೊಡ್ಡವರ ಎದೆಮಟ್ಟದ ಹತ್ತಿರ ಇರುತ್ತದೆ. ಒಂದೂವರೆ ವರ್ಷದ ಮಗು ನೆಲದ ಮೇಲೆ ನಿಂತು ಅದನ್ನು ದಾಟಲಾರದು. ಅಪಾಯ ಬರುವುದು ಬಾಲ್ಕನಿಯಲ್ಲಿ ಬಿಟ್ಟ ಕುರ್ಚಿಯನ್ನು ಮಗು ಏರಿದಾಗ, ಇಲ್ಲವೇ ಫೋಟೋಕ್ಕೆಂದು ನಾವೇ ಅದನ್ನು ಎತ್ತಿ ಕಟಾಂಜನದ ಮೇಲೆ ಕೂರಿಸಿದಾಗ. ಈ ಎರಡನೆಯದನ್ನು ಯಾರು ಎಷ್ಟೇ ಒತ್ತಾಯಿಸಿದರೂ ಮಾಡಬೇಡಿ. ಬಾಲ್ಕನಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗವೂ ಹೌದು, ಮಗುವಿನ ವಿಷಯದಲ್ಲಿ ನಿಶ್ಚಿಂತೆಯೂ ಹೌದು. ಕಿಟಕಿಯೇ ಇಲ್ಲದ ಕಾರಣ ಮಧ್ಯಾಹ್ನದ ನಿದ್ದೆಗೂ ಒಳ್ಳೆಯ ಕತ್ತಲೆ ಇರುತ್ತದೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಿ ಪಡೆದರೆ ತೂಗಾಟ ಎಲ್ಲಕ್ಕಿಂತ ಕಡಿಮೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಹೋಗಿ, ಆದರೆ ಐದು ರಾತ್ರಿಯ ಲಕ್ಷದ್ವೀಪ ಬೇಡ. ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಎರಡು ಮೂರು ರಾತ್ರಿಯ ಪ್ರವಾಸ ಸಾಕು. ಲಕ್ಷದ್ವೀಪದ ದ್ವೀಪಗಳ ಸುತ್ತ ಹವಳದ ದಿಬ್ಬಗಳೂ ಆಳವಿಲ್ಲದ ನೀರೂ ಇರುವುದರಿಂದ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಅದು ದೂರದಲ್ಲೇ ಲಂಗರು ಹಾಕುತ್ತದೆ. ಪ್ರಯಾಣಿಕರು ಹಡಗಿನ ಪಕ್ಕದ ಬಾಗಿಲಿನಿಂದ ಏಳುತ್ತಾ ಬೀಳುತ್ತಾ ಇರುವ ಸಣ್ಣ ದೋಣಿಗೆ ಕಾಲಿಟ್ಟು ಇಳಿಯಬೇಕು. ಸಿಬ್ಬಂದಿ ಕೈಹಿಡಿದು ಇಳಿಸುತ್ತಾರೆ, ನಿಜ. ಆದರೂ ಕಂಕುಳಲ್ಲಿ ಮಗು, ಹೆಗಲಲ್ಲಿ ಚೀಲ, ಮೇಲೆ ಸುಡುವ ಬಿಸಿಲು ಇರುವಾಗ ಈ ಇಳಿದು ಹತ್ತುವ ಕೆಲಸ ಸಣ್ಣದಲ್ಲ, ಮತ್ತು ಗಾಳಿ ಹೆಚ್ಚಾದರೆ ಇಳಿಸುವುದನ್ನೇ ರದ್ದು ಮಾಡುವುದೂ ಉಂಟು. ಭಾವನವರ ಮಕ್ಕಳು ದೊಡ್ಡವರಾಗಿದ್ದರೆ ಅವರಿಗೆ ಅದೇ ಮಜಾ, ನಿಮ್ಮ ಮಗನಿಗಲ್ಲ. ಎಲ್ಲರೂ ಲಕ್ಷದ್ವೀಪಕ್ಕೇ ಹೋಗಬೇಕೆಂದರೆ, ಅಲ್ಲಿಗೆ ಪ್ರವೇಶ ಪರವಾನಗಿ ಬೇಕಾಗುವುದರಿಂದ ಮಗುವಿನ ಹೆಸರೂ ಅದರಲ್ಲಿ ಸೇರಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಜನನ ಪ್ರಮಾಣಪತ್ರವನ್ನೂ, ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವ ನೀಲಿ ಬಣ್ಣದ ಬಾಲ ಆಧಾರ್ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ. ಡಿಸೆಂಬರ್ ತಿಂಗಳ ಆಯ್ಕೆ ಒಳ್ಳೆಯದೇ. ಅರಬ್ಬಿ ಸಮುದ್ರ ಒರಟಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ.

ಕ್ಯಾಬಿನ್ನಿನೊಳಗೆ ನೀವು ಹೆಚ್ಚು ಗಮನ ಕೊಡಬೇಕಾದ ಜಾಗ ಬಚ್ಚಲು. ಅದರ ಹೊಸ್ತಿಲು ನೆಲಕ್ಕಿಂತ ಎತ್ತರವಾಗಿದ್ದು, ಹೊಸದಾಗಿ ನಡೆಯುವ ಮಗು ಅಲ್ಲಿ ಎಡವುತ್ತದೆ. ಬಾಗಿಲು ಭಾರವಾಗಿದ್ದು, ಹಡಗು ವಾಲಿದಾಗ ತಾನೇ ಮುಚ್ಚಿಕೊಂಡು ಬೆರಳು ಸಿಕ್ಕಿಸಬಹುದು. ಒಂದು ಹಳೆಯ ಟವೆಲನ್ನು ಸುರುಳಿ ಸುತ್ತಿ ಬಾಗಿಲಿನ ಸಂದಿಗೆ ಕೊಟ್ಟುಬಿಡಿ. ಸಾಮಾನ್ಯ ಕ್ಯಾಬಿನ್‌ಗಳಲ್ಲಿ ಬಕೀಟೂ ಇಲ್ಲ, ಚಂಬೂ ಇಲ್ಲ, ಒಬ್ಬರು ನಿಲ್ಲುವಷ್ಟು ಜಾಗದಲ್ಲಿ ಷವರ್ ಮಾತ್ರ. ನಮ್ಮ ಮಕ್ಕಳಿಗೆ ತಲೆಯ ಮೇಲೆ ಒಮ್ಮೆಲೇ ಸುರಿಯುವ ನೀರು ಹೆದರಿಕೆ ಹುಟ್ಟಿಸುತ್ತದೆ, ಆದ್ದರಿಂದ ಮನೆಯಿಂದಲೇ ಒಂದು ಪ್ಲಾಸ್ಟಿಕ್ ಚಂಬನ್ನು ಒಯ್ಯಿರಿ. ಶೌಚಾಲಯದ ನೀರು ಗಾಳಿಯ ಸೆಳೆತದಿಂದ ಹೋಗುವ ಕಾರಣ ಸದ್ದು ಜೋರು. ಮಗುವನ್ನು ಹೊರಗೆ ಕಳಿಸಿ ಗುಂಡಿ ಒತ್ತಿರಿ. ಡೈಪರನ್ನಾಗಲಿ, ಒದ್ದೆ ಟಿಶ್ಯೂವನ್ನಾಗಲಿ ಅದರೊಳಗೆ ಹಾಕಲೇಬೇಡಿ; ಕೊಳವೆ ಕಟ್ಟಿಕೊಂಡರೆ ನಿಮ್ಮೊಡನೆ ಅಕ್ಕಪಕ್ಕದ ಕ್ಯಾಬಿನ್‌ನವರೂ ಪರದಾಡುತ್ತಾರೆ. ಮಗುವಿನ ತೊಟ್ಟಿಲಿನಂಥ ಮಂಚವನ್ನು ಟಿಕೆಟ್ ಮಾಡಿಸುವಾಗಲೇ ಕೇಳಿ ಬರೆಸಿಡಿ.

ಹಡಗು ಹೊರಡುವ ಹೊತ್ತಿಗೆ ಸುರಕ್ಷತಾ ತಾಲೀಮು ನಡೆಯುತ್ತದೆ. ಆಗ ಏಳು ಚಿಕ್ಕ ಮತ್ತು ಒಂದು ದೀರ್ಘ ಸೈರನ್ ಮೊಳಗುತ್ತದೆ, ಮಗುವಿನ ಕಿವಿ ಮುಚ್ಚಿ ಹಿಡಿಯಿರಿ. ಅಂತರರಾಷ್ಟ್ರೀಯ ನಿಯಮದಂತೆ 24 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ಯಾನದಲ್ಲಿ ಹಡಗಿನಲ್ಲಿರುವ ಪ್ರತಿಯೊಂದು ಶಿಶುವಿಗೂ ಶಿಶುವಿನ ಅಳತೆಯ ಲೈಫ್ ಜಾಕೆಟ್ ಇರಬೇಕು. ಆ ಅಳತೆ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳದ್ದು. ಅದು ಕ್ಯಾಬಿನ್‌ನಲ್ಲಿ ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ ತರಿಸಿಕೊಂಡು, ಒಮ್ಮೆ ತೊಡಿಸಿ ನೋಡಿ.

ಊಟದ ವಿಷಯದಲ್ಲಿ ಅಂಥ ತೊಂದರೆಯಿಲ್ಲ. ಅನ್ನ, ಬೇಳೆ, ಮೊಸರು, ಬಾಳೆಹಣ್ಣು ಸಿಗುತ್ತವೆ. ತೊಗರಿಬೇಳೆಯ ಕಟ್ಟಿಗೆ ಅನ್ನ ಕಲಸಿ ಉಣ್ಣುವ ಮಗುವಾದರೆ, ಖಾರ ಹಾಕುವ ಮೊದಲು ಒಂದು ಬಟ್ಟಲು ಬೇಳೆ ತೆಗೆದಿಡಲು ಅಡುಗೆಯವರಿಗೆ ಹಿಂದಿನ ಹೊತ್ತಿನಲ್ಲೇ ಹೇಳಿಡಿ. ಬೆಂಕಿಯ ಭಯದಿಂದ ವಿದ್ಯುತ್ ಕೆಟಲ್ ಒಯ್ಯಲು ಹಡಗುಗಳು ಬಿಡುವುದಿಲ್ಲ, ಬಿಸಿನೀರಿಗೆ ಒಂದು ಥರ್ಮಾಸ್ ಇರಲಿ. ಹೊಟ್ಟೆ ಕೆಡಿಸುವ ನೊರೋವೈರಸ್ ಹಡಗಿನಂಥ ಮುಚ್ಚಿದ ಜಾಗದಲ್ಲಿ ಬೇಗ ಹರಡುತ್ತದೆ, ಮತ್ತು ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಎಲ್ಲವನ್ನೂ ಬಾಯಿಗೆ ಒಯ್ಯುವ ಈ ವಯಸ್ಸಿನಲ್ಲಿ ಸೋಪು ಹಚ್ಚಿ ಕೈ ತೊಳೆಸುವುದೊಂದೇ ದಾರಿ. ಒಂದು ಲೀಟರ್ ನೀರಿಗೆ ಕಲಸುವ ಓ.ಆರ್.ಎಸ್. ಪುಡಿಯ ಪೊಟ್ಟಣಗಳು, ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಟ್ಟ ಜ್ವರದ ಔಷಧಿ ಚೀಲದಲ್ಲಿರಲಿ. ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸು 16ರಿಂದ 24 ತಿಂಗಳ ನಡುವೆ ಬರುವುದರಿಂದ, ಅದು ಬಾಕಿಯಿದ್ದರೆ ಹೊರಡುವುದಕ್ಕೆ ಕೆಲವು ವಾರ ಮುಂಚೆಯೇ ಹಾಕಿಸಿಬಿಡಿ. ಹಡಗಿನಲ್ಲಿ ವೈದ್ಯರಿದ್ದರೂ ಅವರು ಮಕ್ಕಳ ತಜ್ಞರಾಗಿರುವುದು ಅಪರೂಪ, ಶುಲ್ಕವೂ ದುಬಾರಿ.

ಇನ್ನು ಮುಂಬೈಗೆ ಹೋಗುವ ದಾರಿ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ಇಡೀ ಹಗಲು ಮಗುವನ್ನು ಆಡಿಸುತ್ತಾ ಕೂರಬೇಕು. ಸಂಜೆ ಕಲಬುರಗಿಗೆ ಬರುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ಅವನು ರಾತ್ರಿ ಮಲಗಿಯೇ ಬರುತ್ತಾನೆ. ಬರ್ತ್ ಬೇಡವೆಂದರೆ ಐದು ವರ್ಷದೊಳಗಿನವರಿಗೆ ರೈಲಿನಲ್ಲಿ ಟಿಕೆಟ್ ಇಲ್ಲ. ಆದರೆ ಹಡಗು ಹೊರಡುವ ದಿನವೇ ಮುಂಬೈ ತಲುಪುವ ಲೆಕ್ಕ ಹಾಕಬೇಡಿ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ಹಿಂದಿನ ದಿನ ತಲುಪಿ, ಕೋಟೆ ಪ್ರದೇಶದ ಸುತ್ತಮುತ್ತ ಉಳಿದುಕೊಂಡರೆ ಬಲ್ಲಾರ್ಡ್ ಪಿಯರ್ ಬಂದರು ಹತ್ತಿರವೇ.

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಬೀದರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೊರಟರೆ ಜಹೀರಾಬಾದ್ ದಾಟುವಷ್ಟರಲ್ಲಿ ವಾಂತಿ ಶುರುವಾಗುತ್ತದೆ. ಹಡಗಿನಲ್ಲಿ ಇನ್ನೂ ಹೆಚ್ಚಾಗುವುದೇ? ದೊಡ್ಡವರು ತೆಗೆದುಕೊಳ್ಳುವ ವಾಂತಿಯ ಗುಳಿಗೆಯನ್ನೇ ಅರ್ಧ ಮಾಡಿ ಕೊಡಬಹುದೇ?
— ಓದುಗ, ಬೀದರ್

ಉತ್ತರ: ಅರ್ಧ ಮಾಡಿ ಕೊಡಬೇಡಿ. ಅವೊಮಿನ್ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ಗುಳಿಗೆಯಲ್ಲಿರುವುದು ಪ್ರೊಮೆಥಜಿನ್. ಅದು ಚಿಕ್ಕ ಮಕ್ಕಳ ಉಸಿರಾಟವನ್ನೇ ಕುಗ್ಗಿಸುವ ಅಪಾಯವಿರುವುದರಿಂದ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ಎರಡು ದಾಟಿದ ನಿಮ್ಮ ಮಗಳಿಗೂ ಯಾವ ಔಷಧಿ, ಎಷ್ಟು ಎಂಬುದನ್ನು ಮಕ್ಕಳ ವೈದ್ಯರು ತೂಕ ನೋಡಿಯೇ ಹೇಳಬೇಕು. ಔಷಧಿ ಬರೆದುಕೊಟ್ಟರೆ ಹೊರಡುವ ಮೊದಲು ಮನೆಯಲ್ಲಿ ಒಮ್ಮೆ ಕೊಟ್ಟು ನೋಡಬೇಕೇ ಎಂದೂ ಅವರನ್ನು ಕೇಳಿ, ಏಕೆಂದರೆ ಕೆಲವು ಮಕ್ಕಳು ಇಂಥ ಔಷಧಿಯಿಂದ ತೂಕಡಿಸುವ ಬದಲು ಚಡಪಡಿಸುತ್ತಾರೆ.

ಈ ವಾಂತಿ ಹೊಟ್ಟೆಯ ದೋಷವಲ್ಲ. ಒಳಕಿವಿ ಮೈ ಚಲಿಸುತ್ತಿದೆ ಎನ್ನುತ್ತದೆ, ಎದುರಿನ ಸೀಟನ್ನು ನೋಡುತ್ತಿರುವ ಕಣ್ಣು ಇಲ್ಲವೆನ್ನುತ್ತದೆ. ಈ ತಕರಾರಿನಿಂದ ಓಕರಿಕೆ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ, ಎರಡರಿಂದ ಹನ್ನೆರಡರ ನಡುವೆ ಹೆಚ್ಚು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಗು ಹಡಗಿನಲ್ಲೂ ಮಾಡಿಕೊಂಡೇ ತೀರುತ್ತದೆಂದು ಹೇಳಲಾಗದು. ದೊಡ್ಡ ಹಡಗುಗಳ ತಳಭಾಗದ ಎರಡೂ ಬದಿಗೆ ಮೀನಿನ ರೆಕ್ಕೆಯಂಥ ಸಲಕರಣೆಗಳಿದ್ದು, ಅವು ಪಕ್ಕಕ್ಕೆ ಹೊರಳುವುದನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಆದರೂ ಅವಳ ಮುಖ ಬಿಳಚಿಕೊಂಡು, ಆಟ ಬಿಟ್ಟು ಸುಮ್ಮನಾದರೆ, ಮೊಬೈಲ್ ಕೈಗೆ ಕೊಟ್ಟು ಸಮಾಧಾನಪಡಿಸಲು ಹೋಗದೆ, ಗಾಳಿಯಾಡುವ ಡೆಕ್ಕಿಗೆ ಕರೆದೊಯ್ದು ದೂರದ ದಿಗಂತ ತೋರಿಸಿ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಚುರುಮುರಿ, ಬ್ರೆಡ್ಡು, ಬಿಸ್ಕತ್ತಿನಂಥ ಒಣ ತಿನಿಸು ಸ್ವಲ್ಪ ಸ್ವಲ್ಪವಾಗಿ ಕೊಡಿ. ವಾಂತಿ ನಿಲ್ಲದೆ, ಹಲವು ಗಂಟೆ ಮೂತ್ರವಾಗದಿದ್ದರೆ, ಅಥವಾ ಅಳುವಾಗ ಕಣ್ಣೀರು ಬಾರದಿದ್ದರೆ ತಡಮಾಡದೆ ಹಡಗಿನ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಮಗಳು ಅಳಿಯ ಹತ್ತು ತಿಂಗಳ ಮೊಮ್ಮಗಳನ್ನು ಕರೆದುಕೊಂಡು ಹಡಗಿನ ಪ್ರವಾಸಕ್ಕೆ ಹೊರಟಿದ್ದಾರೆ. ಕೂಸನ್ನು ನೋಡಿಕೊಳ್ಳಲು ನಾನೂ ಬರಬೇಕಂತೆ. ನನಗೆ ಅರವತ್ತೆರಡು, ಮೊಣಕಾಲು ನೋವಿದೆ. ಹೋಗಲೇ, ಬೇಡವೇ?
— ಓದುಗಿ, ಯಾದಗಿರಿ

ಉತ್ತರ: ತಾಯಿ, ಹತ್ತು ತಿಂಗಳ ಕೂಸಿಗೆ ಅಡ್ಡಿಯಿಲ್ಲ, ಹೆಚ್ಚಿನ ಹಡಗುಗಳು ಆರು ತಿಂಗಳು ತುಂಬಿದ ಮಕ್ಕಳನ್ನು ಹತ್ತಿಸಿಕೊಳ್ಳುತ್ತವೆ, ಹಲವು ದಿನ ದಡ ಕಾಣದ ದೂರದ ಯಾನಗಳಿಗೆ ಮಾತ್ರ ಒಂದು ವರ್ಷವೆಂಬ ನಿಯಮವಿರುತ್ತದೆ. ನಿಮ್ಮ ಮೊಣಕಾಲಿಗೂ ಹಡಗು ಒಗ್ಗುತ್ತದೆ, ಅಂತಸ್ತಿನಿಂದ ಅಂತಸ್ತಿಗೆ ಲಿಫ್ಟ್ ಇರುತ್ತದೆ. ಲಿಫ್ಟಿನ ಹತ್ತಿರದ ಕ್ಯಾಬಿನ್ ಕೇಳಲು ಅಳಿಯಂದಿರಿಗೆ ಹೇಳಿ. ಕೂಸೂ ಕ್ಯಾಬಿನ್ನಿನ ಲೆಕ್ಕದಲ್ಲಿ ಒಂದು ತಲೆಯೇ ಆದ್ದರಿಂದ ನಿಮ್ಮೆಲ್ಲರಿಗೆ ನಾಲ್ವರ ಕ್ಯಾಬಿನ್ ಬೇಕಾಗುತ್ತದೆ. ಅದರಲ್ಲಿ ಎರಡು ಹಾಸಿಗೆಗಳು ಸಾಮಾನ್ಯವಾಗಿ ಗೋಡೆಯಿಂದ ಇಳಿಬಿಡುವ ಮೇಲಿನ ಹಾಸಿಗೆಗಳು, ಏಣಿ ಹತ್ತಬೇಕು. ನಿಮಗೆ ಕೆಳಗಿನ ಹಾಸಿಗೆ ಎಂದು ಈಗಲೇ ಮಾತಾಗಲಿ. ಕೈಕಾಸು ಇದ್ದರೆ ಪಕ್ಕದಲ್ಲೇ ಇನ್ನೊಂದು ಕ್ಯಾಬಿನ್ ಹಿಡಿಯುವುದು ಉತ್ತಮ.

ಒಂದು ಮಾತನ್ನು ಮಗಳ ಹತ್ತಿರ ನೀವೇ ಕೇಳಬೇಕು. ಕೂಸು ಎಂಟಕ್ಕೆ ಮಲಗಿದರೆ, ಹಡಗಿನ ಹಾಡು, ನಾಟಕ, ಜಾದೂ ಎಲ್ಲ ಶುರುವಾಗುವುದು ಆ ಹೊತ್ತಿಗೇ. ಪ್ರತಿ ರಾತ್ರಿಯೂ ಕತ್ತಲ ಕ್ಯಾಬಿನ್‌ನಲ್ಲಿ ನೀವೊಬ್ಬರೇ ಕೂರುವುದೋ, ಒಂದೆರಡು ರಾತ್ರಿಯಾದರೂ ಮಗಳು ಅಳಿಯ ಕೂಸಿನ ಬಳಿ ಉಳಿದು ನಿಮ್ಮನ್ನು ಕಳಿಸುವುದೋ ಎಂಬುದನ್ನು ತಿಳಿದುಕೊಂಡು ಒಪ್ಪಿಕೊಳ್ಳಿ. ನಿಮ್ಮ ಬಿ.ಪಿ., ಸಕ್ಕರೆಯ ಗುಳಿಗೆಗಳೇನಾದರೂ ಇದ್ದರೆ, ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಂದರಿನಲ್ಲಿ ಕೊಟ್ಟ ಪೆಟ್ಟಿಗೆ ಕ್ಯಾಬಿನ್ನಿಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ. ಕೂಸಿನ ಎರಡು ಹೊತ್ತಿನ ಡೈಪರ್ ಮತ್ತು ಬಟ್ಟೆಯೂ ಅದೇ ಕೈಚೀಲದಲ್ಲಿರಲಿ.