ಬಯಲುಸೀಮೆ ಬಿಸಿಲು ಕಂಡವರು ಜೂನ್‌ನಲ್ಲಿ ಗ್ರ್ಯಾಂಡ್ ಕ್ಯಾನಿಯನ್ ನಡೆದು ದಾಟಬಹುದಾ?

ನೀವು ದಾವಣಗೆರೆಯವರು. ಫೀನಿಕ್ಸ್‌ನಲ್ಲಿರೋ ಅಣ್ಣನ ಜೊತೆ ಜೂನ್ ಕೊನೆಗೆ ಬ್ಯಾಗ್ ಹೊತ್ತು, ಒಳಗೇ ರಾತ್ರಿ ತಂಗುತ್ತಾ, ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯನ್ನು ಉತ್ತರದ ಅಂಚಿಂದ ದಕ್ಷಿಣದ ಅಂಚಿಗೆ ದಾಟಬೇಕು ಅಂತಿದ್ದೀರಿ. ನಲವತ್ತು ಡಿಗ್ರಿ ನಮಗೇನು ಹೊಸದಾ, ಅಪ್ಪಾಜಿನೂ ಬರಬಹುದಾ ಅಂತ ಕೇಳಿದ್ದೀರಿ.

ನಾನು ಚಿತ್ರದುರ್ಗದವನು. ಅದೇ ದಾರಿಯನ್ನ ಬೇಸಿಗೆಯಲ್ಲೇ ನಡೆದಿದ್ದೇನೆ. ಆಗುತ್ತೆ. ಆದರೆ ಮೈ ಬಿಸಿಲಿಗೆ ಒಗ್ಗಿದೆ ಅನ್ನೋ ಧೈರ್ಯ ನಂಬಿಕೊಂಡು ಇಳೀಬೇಡಿ. ಎ.ಸಿ. ಆಫೀಸಿನಲ್ಲಿ ಕೆಲವು ವಾರ ಕೂತರೆ ಆ ಒಗ್ಗಿದ್ದೂ ಹೋಗಿಬಿಡುತ್ತೆ. ನಮ್ಮ ಕಡೆ ರೈತರು ಬೇಸಿಗೆಯಲ್ಲಿ ಹೊತ್ತು ಮೂಡೋ ಮುಂಚೆ ಹೊಲಕ್ಕೆ ಹೋಗಿ, ಬಿಸಿಲೇರೋದ್ರೊಳಗೆ ನೆರಳು ಸೇರಿ, ಇಳಿಹೊತ್ತಿಗೆ ಮತ್ತೆ ಕೆಲಸಕ್ಕೆ ಏಳ್ತಾರಲ್ಲ, ನೀವು ಊರಿಂದ ಒಯ್ಯಬೇಕಾದ್ದು ಆ ರೂಢಿಯನ್ನ. ಅಲ್ಲಿನ ಪಾರ್ಕಿನವರೂ ಬೆಳಿಗ್ಗೆ 10ರಿಂದ ಸಂಜೆ 4ರ ತನಕ ನಡೀಬೇಡಿ ಅಂತಲೇ ಹೇಳೋದು.

ಬೆಟ್ಟ ಹತ್ತೋವಾಗ ಮೇಲೆ ಹೋದಷ್ಟೂ ತಂಪು, ಸುಸ್ತಾದರೆ ಇಳಿದು ಬಂದರಾಯ್ತು. ಇಲ್ಲಿ ಅದು ತಲೆಕೆಳಗು. ಉತ್ತರದ ಅಂಚು ಸುಮಾರು 2,500 ಮೀಟರ್ ಎತ್ತರದಲ್ಲಿದೆ, ಬೆಳಗಿನ ಜಾವ ಸ್ವೆಟರ್ ಬೇಕಾಗುತ್ತೆ. ತಳದ ಕೊಲರಾಡೊ ನದಿ ಹತ್ತಿರ ಟೆಂಟ್ ಹಾಕೋ ಜಾಗ 750 ಮೀಟರ್ ಆಸುಪಾಸು, ಹೆಚ್ಚುಕಮ್ಮಿ ನಮ್ಮ ದುರ್ಗದ ಊರು ಇರೋ ಎತ್ತರ. ನೂರು ಮೀಟರ್ ಇಳಿದ ಹಾಗೆಲ್ಲ ಸುಮಾರು ಒಂದು ಡಿಗ್ರಿ ಏರುತ್ತೆ. ಜೂನ್‌ನಲ್ಲಿ ತಳದಲ್ಲಿ ನೆರಳಲ್ಲೇ 40 ದಾಟೋದು ಮಾಮೂಲು, ಕೆಲವು ದಿನ 45 ಮೀರುತ್ತೆ. ಕಾಲು ಸೋತ ಮೇಲೆ ಹತ್ತೋದು ಶುರು. ದಕ್ಷಿಣಕ್ಕೆ ಬ್ರೈಟ್ ಏಂಜೆಲ್ ದಾರೀಲಿ ಹತ್ತಬೇಕಾದ್ದು 1,300 ಮೀಟರಿಗೂ ಹೆಚ್ಚು. ದುರ್ಗದ ಊರಿಂದ ಪಕ್ಕದ ಜೋಗಿಮಟ್ಟಿ ಬೆಟ್ಟದ ತುದಿಗೆ ಎಷ್ಟು ಏರುತ್ತೀರೋ ಅದರ ಎರಡು ಪಟ್ಟು ಮೀರುತ್ತೆ, ಅದೂ ಬೆನ್ನ ಮೇಲೆ ಭಾರ ಇಟ್ಟುಕೊಂಡು.

ದಿನಗಳನ್ನ ಹೀಗೆ ಹಂಚಿಕೊಳ್ಳಿ. ಮೊದಲ ದಿನ ನಾರ್ತ್ ಕೈಬಾಬ್ ದಾರೀಲಿ ಇಳಿದು, ಆ ದಾರಿಯಲ್ಲೇ ಇರೋ ಕ್ಯಾಂಪ್ ಕಾಟನ್‌ವುಡ್‌ನಲ್ಲಿ ತಂಗಿ. ಮರುದಿನ ನಸುಕಿನ ಮೂರೂವರೆ ನಾಲ್ಕಕ್ಕೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡಿ. ಯಾಕಂದ್ರೆ ಮುಂದೆ ‘ದಿ ಬಾಕ್ಸ್’ ಅನ್ನೋ ಇಕ್ಕಟ್ಟು ಕಣಿವೆ ಬರುತ್ತೆ. ಎರಡೂ ಕಡೆ ಕಪ್ಪು ವಿಷ್ಣು ಶಿಸ್ಟ್ ಗೋಡೆ, ಸುಮಾರು 170 ಕೋಟಿ ವರ್ಷ ಹಳೆಯ ಕಲ್ಲು. (ಹೌದು, ವಿಷ್ಣು ಅನ್ನೋದೇ ಅದರ ಹೆಸರು.) ಹಗಲೆಲ್ಲ ಕಾದ ಆ ಕಲ್ಲು ರಾತ್ರಿನೂ ಝಳ ಬಿಡ್ತಾನೇ ಇರುತ್ತೆ, ನಮ್ಮ ಕೋಟೆ ಬಂಡೆ ಮೇಲೆ ಸಂಜೆ ಕೂತವರಿಗೆ ಅದು ಗೊತ್ತು. ಮಧ್ಯಾಹ್ನ ಅಲ್ಲಿ ಸಿಕ್ಕಿಕೊಂಡರೆ ಒಲೆಯೊಳಗೆ ನಡೆದಂತೆಯೇ. ಬಿಸಿಲು ಬೀಳೋದ್ರೊಳಗೆ ಅದನ್ನ ದಾಟಿ ಫ್ಯಾಂಟಮ್ ರ‍್ಯಾಂಚ್ ಅನ್ನೋ ತಂಗುದಾಣ ಸೇರಿ, ಪಕ್ಕದ ಬ್ರೈಟ್ ಏಂಜೆಲ್ ಹಳ್ಳದಲ್ಲಿ ಹಗಲು ಕಳೆದು, ರಾತ್ರಿ ಅಲ್ಲೇ ಹತ್ತಿರ ಟೆಂಟ್ ಹಾಕಿ. ಕೊಲರಾಡೊ ನದಿಗೆ ಮಾತ್ರ ಈಜೋಕೆ ಇಳೀಬೇಡಿ. ಮೇಲಿನ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿಂದ ಬರೋ ನೀರು ಕೊರೆಯೋ ತಣ್ಣಗೆ, ಸೆಳೆತ ಜೋರು. ಮೂರನೇ ರಾತ್ರಿ ಬ್ರೈಟ್ ಏಂಜೆಲ್ ದಾರಿಯ ನಡುವಿನ ಹವಸುಪೈ ಗಾರ್ಡನ್ಸ್‌ನಲ್ಲಿ ತಂಗಿದರೆ ಹತ್ತೋದು ಎರಡು ದಿನಕ್ಕೆ ಹಂಚಿಹೋಗುತ್ತೆ. ಒಂದೇ ದಿನ ಹತ್ತಿಬಿಡ್ತೀವಿ ಅನ್ನೋ ಹುಮ್ಮಸ್ಸು ಜೂನ್‌ನಲ್ಲಿ ಬೇಡ.

ಇನ್ನು ನೀರು. ಅಲ್ಲಿನದು ಒಣ ಬಿಸಿಲು. ಬೆವರು ಬಂದದ್ದೇ ತಿಳಿಯಲ್ಲ, ಚರ್ಮದ ಮೇಲೇ ಆರಿಹೋಗುತ್ತೆ. ಬ್ಯಾಗಿನ ಪಟ್ಟಿ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಮೈಯಿಂದ ಎಷ್ಟು ಹೋಯ್ತು ಅಂತ ಗೊತ್ತಾಗೋದು. ನಡೆಯೋವಾಗ ಗಂಟೆಗೆ ಅರ್ಧ ಲೀಟರಿಂದ ಒಂದು ಲೀಟರ್ ಬೇಕಾಗುತ್ತೆ. ಆದರೆ ಬರೀ ನೀರೇ ಕುಡೀತಾ ಹೋಗಬೇಡಿ, ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತೆ. ತಲೆನೋವು, ವಾಕರಿಕೆ, ಮಂಕು ಕವಿಯೋದು ಎಲ್ಲ ಬಿಸಿಲಿನ ಬೇನೆ ಥರಾನೇ ಕಾಣುತ್ತೆ, ಜೊತೆಯವರು ಇನ್ನಷ್ಟು ನೀರು ಕುಡಿಸಿ ಪ್ರಾಣಕ್ಕೇ ಕುತ್ತು ತರ್ತಾರೆ. ನೀರಿನ ಜೊತೆ ಉಪ್ಪಿನ ತಿಂಡಿ ಬಾಯಾಡಿಸ್ತಾ ಇರಿ. ನಾನು ಖಾರದ ಶೇಂಗಾ, ಹುರಿಗಡಲೆ, ಒಂದಿಷ್ಟು ನಿಂಬೆ ಉಪ್ಪಿನಕಾಯಿ ಒಯ್ದಿದ್ದೆ. ಬಿಸಿಲಲ್ಲಿ ಊಟ ಸೇರದಿದ್ದಾಗ ಉಪ್ಪಿನಕಾಯಿ ಚೂರು ಒಂದೇ ನಾಲಿಗೆ ಎಬ್ಬಿಸಿದ್ದು. ತಿಂಡಿ ಹೊರಗಿಟ್ಟು ಮಲಗಬೇಡಿ, ಅಳಿಲುಗಳು ಬ್ಯಾಗನ್ನೇ ಕಡಿದು ತೂತು ಮಾಡುತ್ತವೆ. ಕ್ಯಾಂಪಿನಲ್ಲಿ ಕಬ್ಬಿಣದ ಪೆಟ್ಟಿಗೆ ಇರುತ್ತವೆ, ಅದರಲ್ಲಿಡಿ.

ದುಬಾರಿ ಟ್ರೆಕ್ಕಿಂಗ್ ಬಟ್ಟೆ ಬೇಕಿಲ್ಲ. ತೆಳು ಹತ್ತಿಯ ತುಂಬುತೋಳಿನ ಅಂಗಿ, ಒಂದು ಟವಲ್ ಸಾಕು. ಹಳ್ಳದಲ್ಲಿ ಅದ್ದಿ ತೊಟ್ಟರೆ ಆ ಒಣಗಾಳೀಲಿ ಮೈ ನಡುಗೋ ಹಾಗೆ ತಂಪಾಗುತ್ತೆ. ಸ್ವಲ್ಪ ಹೊತ್ತಿಗೇ ಗರಿಗರಿ ಒಣಗಿರುತ್ತೆ, ಹಳ್ಳ ಸಿಕ್ಕಲ್ಲಿ ಮತ್ತೆ ಅದ್ದಿ.

ತಯಾರಿ ಅಂದರೆ ಎಲ್ಲರೂ ಹತ್ತೋದನ್ನ ಅಭ್ಯಾಸ ಮಾಡ್ತಾರೆ. ಮೊದಲು ಹೊಡೆತ ಬೀಳೋದು ಇಳಿಯೋ ಮಂಡಿಗೆ, ಹೆಬ್ಬೆರಳ ಉಗುರಿಗೆ. ಭಾನುವಾರ ಬೆಳಿಗ್ಗೆ ದುರ್ಗಕ್ಕೆ ಬಂದು ಕೋಟೆ ಮೆಟ್ಟಿಲನ್ನ ಭಾರ ಹೊತ್ತು ಇಳಿದು ಇಳಿದು ನೋಡಿ. ಅದೇ ಬೂಟು ಹಾಕಿಕೊಂಡು.

ಅಪ್ಪಾಜಿ ವಿಷಯ. ಬಿ.ಪಿ. ಮಾತ್ರೆ ತಗೋತಾರೆ ಅಂದಿದ್ದೀರಿ. ಜೂನ್‌ನಲ್ಲಿ ಅವರನ್ನ ಕೆಳಗೆ ಇಳಿಸಬೇಡಿ, ದಯವಿಟ್ಟು. ಕೆಲವು ಬಿ.ಪಿ. ಮಾತ್ರೆಗಳು ಮೈಯ ನೀರು, ಉಪ್ಪನ್ನ ಹೊರಗೆ ಹಾಕೋವೇ. ದಕ್ಷಿಣದ ಅಂಚಲ್ಲಿ ರಿಮ್ ಟ್ರೈಲ್ ಇದೆ, ಹೆಚ್ಚಿನ ಕಡೆ ಸಮತಟ್ಟು, ಪಾರ್ಕಿನ ಉಚಿತ ಬಸ್ಸೂ ಓಡುತ್ತೆ. ಕಣಿವೆ ಅಲ್ಲಿಂದಲೇ ಚೆನ್ನಾಗಿ ಕಾಣುತ್ತೆ.

ವಿಮಾನದ ಟಿಕೆಟ್ ತೆಗೆಸೋ ಮುಂಚೆ ಎರಡು ಕೆಲಸ. ಅಂಚಿಂದ ಕೆಳಗೆ ರಾತ್ರಿ ತಂಗೋಕೆ ಪರ್ಮಿಟ್ ಬೇಕು, ಅದಕ್ಕೆ ನಾಲ್ಕೈದು ತಿಂಗಳ ಮುಂಚೆಯೇ ಲಾಟರಿಗೆ ಅರ್ಜಿ ಹಾಕಬೇಕು. ಜೊತೆಗೆ, 2025ರ ಜುಲೈನಲ್ಲಿ ಡ್ರ್ಯಾಗನ್ ಬ್ರಾವೊ ಕಾಳ್ಗಿಚ್ಚು ಉತ್ತರದ ಅಂಚಿನ ಲಾಡ್ಜನ್ನೇ ಸುಟ್ಟುಹಾಕಿದೆ. ನಾರ್ತ್ ಕೈಬಾಬ್ ದಾರಿ, ನಲ್ಲಿ ನೀರು ಎರಡೂ ತೆರೆದಿವೆಯಾ ಅಂತ ಪಾರ್ಕಿನ ಜಾಲತಾಣದಲ್ಲಿ ನೋಡಿ. ಮುಚ್ಚಿದ್ದರೆ ದಕ್ಷಿಣದಿಂದಲೇ ಸೌತ್ ಕೈಬಾಬ್‌ನಲ್ಲಿ ಇಳಿದು ಬ್ರೈಟ್ ಏಂಜೆಲ್‌ನಲ್ಲಿ ಹತ್ತಿ. ಸೌತ್ ಕೈಬಾಬ್‌ನ 11 ಕಿಲೋಮೀಟರ್ ಉದ್ದಕ್ಕೂ ಹನಿ ನೀರು ಸಿಗಲ್ಲ, ಪೂರ್ತಿ ಮೇಲಿಂದಲೇ ತುಂಬಿಕೊಂಡು ಹೊರಡಬೇಕು.